ಯಂತ್ರದ ಮುಂದಿನ ಸಾಲು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ನೀರಾವರಿ ಇಲಾಖೆಯಲ್ಲಿ ಕಾಲುವೆ, ತೂಬು, ಗೇಟು ನೋಡಿಕೊಂಡು ನಿವೃತ್ತನಾದವನು ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಬಗ್ಗೆ ಏನು ಮಾತಾಡುತ್ತಾನೆ ಎಂದು ನಿಮಗೆ ಅನಿಸಿರಬಹುದು. ವಿಷಯ ಹೇಳಿದಾಗ ನನ್ನ ಮನೆಯವರೇ ನಕ್ಕರು. ನನ್ನ ಧೈರ್ಯಕ್ಕೆ ಒಂದೇ ಆಧಾರ ಇದೆ. ಇವತ್ತು ಎಲ್ಲ ಊರಲ್ಲೂ ಬಾಯಿಗೆ ಬಂದಿರುವ ಸಿ.ಟಿ. ಸ್ಕ್ಯಾನನ್ನು ಕಟ್ಟಿದ ಹೌನ್ಸ್‌ಫೀಲ್ಡ್ ಅವರು ವೈದ್ಯರಲ್ಲ, ಎಂಜಿನಿಯರ್. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದರು. 1979ರಲ್ಲಿ ಕಾರ್ಮಾಕ್ ಅವರ ಜೊತೆ ನೊಬೆಲ್ ಬಂತು. ಹಾಗಾಗಿ ಎಂಜಿನಿಯರುಗಳಿಗೆ ಆ ಕೋಣೆಯ ಬಾಗಿಲು ಪೂರ್ತಿ ಮುಚ್ಚಿಲ್ಲ.

ಆದರೆ ನಾನು ಆ ಬಾಗಿಲಿಗೆ ಹೋದದ್ದು ವಿದ್ಯೆಯಿಂದ ಅಲ್ಲ, ನಮ್ಮ ಅಕ್ಕನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಅಕ್ಕನಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಊರಿನ ಹೆಸರು, ಆಸ್ಪತ್ರೆಯ ಹೆಸರು ಬೇಡ. ಆಪರೇಷನ್ನಿಗೆ ಮೊದಲು ರೂಢಿಯಂತೆ ಎದೆಯ ಎಕ್ಸ್‌ರೇ ತೆಗೆದರು. ಅರಿವಳಿಕೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಹೃದಯ ಸರಿಯಿದೆ, ಆಪರೇಷನ್ ಮಾಡಬಹುದು ಅಂದರು. ಆಪರೇಷನ್ ಚೆನ್ನಾಗಿ ಆಯಿತು. ಎರಡು ದಿನ ಬಿಟ್ಟು ರೇಡಿಯಾಲಜಿಸ್ಟರ ವರದಿ ಟೈಪಾಗಿ ಬಂತು. ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಸಣ್ಣ ನೆರಳು ಕಾಣುತ್ತದೆ, ಸಿ.ಟಿ. ಮಾಡಿಸುವುದು ಒಳ್ಳೆಯದು ಎಂದು ಅದರ ಕೊನೆಯ ಸಾಲಿನಲ್ಲಿ ಇತ್ತು. ಗುಮಾಸ್ತ ಆ ಹಾಳೆಯನ್ನು ಫಿಲ್ಮಿನ ಕವರಿನಲ್ಲಿ ಸರಿಯಾಗಿ ಇಟ್ಟ. ಡಿಸ್‌ಚಾರ್ಜ್ ದಿನ ಆ ಕವರನ್ನು ನನ್ನ ಕೈಗೆ ಕೊಟ್ಟರು. ನಾನು ಸಹಿ ಮಾಡಿ ತೆಗೆದುಕೊಂಡೆ, ಬಿಲ್ಲುಗಳ ಜೊತೆ ಅಲಮಾರಿಯಲ್ಲಿ ಇಟ್ಟೆ.

ಏಳು ತಿಂಗಳ ಮೇಲೆ ಅಕ್ಕನಿಗೆ ಕೆಮ್ಮು ಹತ್ತಿತು, ಕಫದಲ್ಲಿ ರಕ್ತ ಬಂತು. ಬೇರೆ ಆಸ್ಪತ್ರೆಯ ಡಾಕ್ಟರು, ಹಳೇ ಎಕ್ಸ್‌ರೇ ಏನಾದರೂ ಇದ್ದರೆ ತನ್ನಿರಿ ಅಂದರು. ಕವರು ಕೊಟ್ಟೆ. ಅವರು ಫಿಲ್ಮಿಗಿಂತ ಮೊದಲು ಹಾಳೆ ಓದಿದರು. ಓದಿ ನನ್ನ ಮುಖ ನೋಡಿ, "ಇದನ್ನ ನಿಮಗ ಯಾರೂ ಹೇಳಲಿಲ್ಲೇನ್ರಿ?" ಅಂತ ಕೇಳಿದರು. ನಾನು ಇಂಗ್ಲಿಷ್ ಬಲ್ಲವನು. ಸಾವಿರಾರು ಪುಟದ ಟೆಂಡರು ಕಾಗದ ಸಾಲು ಸಾಲು ಓದಿ ಸಹಿ ಹಾಕಿದವನು. ಆ ಒಂದು ಹಾಳೆ ಓದಿರಲಿಲ್ಲ.

ಅಕ್ಕ ಮುಂದೆ ಹದಿನಾಲ್ಕು ತಿಂಗಳು ಇದ್ದಳು. ಏಳು ತಿಂಗಳು ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದಳು ಎಂದು ಯಾವ ಡಾಕ್ಟರೂ ನನಗೆ ಹೇಳಿಲ್ಲ, ನಾನೂ ಹೇಳುವುದಿಲ್ಲ. ನನ್ನನ್ನು ಕಾಡಿದ್ದು ಬೇರೆ. ಈ ಸರಪಳಿಯಲ್ಲಿ ತಪ್ಪು ಮಾಡಿದವರು ಯಾರು ಎಂದು ಹುಡುಕಿದರೆ ಯಾರೂ ಸಿಗುವುದಿಲ್ಲ. ತಂತ್ರಜ್ಞ ಚಿತ್ರ ಚೆನ್ನಾಗಿ ತೆಗೆದಿದ್ದ. ರೇಡಿಯಾಲಜಿಸ್ಟರು ಸಣ್ಣ ನೆರಳನ್ನೂ ಹಿಡಿದಿದ್ದರು. ಟೈಪ್ ಮಾಡಿದವಳು ಅಕ್ಷರ ತಪ್ಪಿರಲಿಲ್ಲ. ಗುಮಾಸ್ತ ಕವರು ಅದಲುಬದಲು ಮಾಡಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಪಾಲಿನ ಕೆಲಸ ಮುಗಿಸಿದ್ದರು. ಕಾಗದ ಮುಟ್ಟಿತು, ಸುದ್ದಿ ಮುಟ್ಟಲಿಲ್ಲ.

ನಿವೃತ್ತಿಯ ನಂತರ ಒಂದು ಟ್ರಸ್ಟಿನ ಆಸ್ಪತ್ರೆಯವರು ನನ್ನನ್ನು ಸಲಹಾ ಸಮಿತಿಗೆ ಕರೆದರು. ಕೆಲಸ ಏನೆಂದರೆ, ಸಿ.ಟಿ. ಯಂತ್ರದ ಮುಂದೆ ಜನ ದಿನವಿಡೀ ಕೂರುತ್ತಾರೆ, ಎರಡನೇ ಯಂತ್ರ ಕೊಳ್ಳಬೇಕು, ಕಡತ ನೋಡಿ ಅಭಿಪ್ರಾಯ ಬರೆಯಿರಿ. ಕೋಟಿಗಳ ಮಾತು. ನಾನು ಕಡತ ಬದಿಗಿಟ್ಟು, ಒಂದು ನೋಟುಬುಕ್ಕು ಹಿಡಿದು ಎರಡು ವಾರ ಆ ಪಡಸಾಲೆಯ ಬೆಂಚಿನ ಮೇಲೆ ಕುಳಿತೆ. ಮೊದಲ ದಿನ ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದೆ, ಯಾವಾಗ ಬಂದಿರಿ ಅಂತ. "ಮುಂಜಾನೆ ಎಂಟಕ್ಕ ಬಂದೀನ್ರಿ ಸಾಹೇಬ್ರ. ಚೀಟಿ ಕೊಟ್ಟು ಕುಂತೀನಿ. ಎದಕ್ಕ ಕುಂತೀನಿ ಅನ್ನೂದು ಗೊತ್ತಿಲ್ಲ" ಅಂದರು. ಸಮಿತಿಗೆ ನಾನು ಕೊಟ್ಟ ವರದಿಯ ಮೊದಲ ವಾಕ್ಯ ಇದೇ.

ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಹರಿಯುತ್ತದೆ. ಕೊನೆಯ ಭಾಗದ ರೈತರಿಗೆ ನೀರು ಬರುವುದಿಲ್ಲ ಎಂಬುದು ಇಲ್ಲಿ ಕುಳಿತ ಅನೇಕರ ಮನೆಯ ಕಥೆ. ಅಣೆಕಟ್ಟು ಎತ್ತರಿಸಿದರೆ ಕೊನೆಯವನಿಗೆ ನೀರು ಮುಟ್ಟುತ್ತದೆಯೇ? ಮೇಲ್ಭಾಗದಲ್ಲಿ ಭತ್ತಕ್ಕೆ ತಿರುಗಿಸಿಕೊಂಡಿದ್ದರೆ, ವಿತರಣಾ ಕಾಲುವೆಯಲ್ಲಿ ಹೂಳು ತುಂಬಿದ್ದರೆ, ತೂಬಿನ ಗೇಟು ಮುರಿದಿದ್ದರೆ, ಮುಟ್ಟುವುದಿಲ್ಲ. ನೀರು ಎಲ್ಲಿ ನಿಂತಿದೆ ಎಂದು ಕಾಲುವೆ ಮೇಲೆ ನಡೆದೇ ನೋಡಬೇಕು. ಜೀಪಿನಲ್ಲಿ ಹೋದರೆ ಕಾಣುವುದಿಲ್ಲ.

ಆಸ್ಪತ್ರೆಯಲ್ಲಿ ನಾನು ಕಂಡದ್ದೂ ಇದೇ. ಜನ ಯಂತ್ರಕ್ಕಾಗಿ ಕಾಯುತ್ತಿದ್ದರು, ಒಳಗೆ ಯಂತ್ರ ಜನಕ್ಕಾಗಿ ಕಾಯುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಯಂತ್ರ ಸಿದ್ಧ, ಆದರೆ ವಾರ್ಡುಗಳಲ್ಲಿ ಡಾಕ್ಟರ ರೌಂಡ್ಸ್ ಮುಗಿದು ಚೀಟಿಗಳು ಬರುವುದು ಹತ್ತರ ಮೇಲೆ, ಅದೂ ವಾರ್ಡ್‌ಬಾಯ್ ಕೈಯಲ್ಲಿ ಒಂದು ಕಂತೆಯಾಗಿ. ಅದೇ ಹೊತ್ತಿಗೆ ಹೊರರೋಗಿಗಳೂ ಬಂದು ಬೀಳುತ್ತಾರೆ. ಮೇಜಿನ ಮೇಲೆ ಒಬ್ಬರನ್ನು ಮಲಗಿಸಿ ಚಿತ್ರ ತೆಗೆಯುವುದು ಹತ್ತು ಹದಿನೈದು ನಿಮಿಷದ ಕೆಲಸ. ಅವರು ಎದ್ದ ಮೇಲೆ ಮುಂದಿನವರನ್ನು ಕರೆದರೆ, ಅವರ ಕೈಗೆ ಸೂಜಿ ಹಾಕಿಲ್ಲ. ಕಾಂಟ್ರಾಸ್ಟ್ ಔಷಧ ಕೊಡಬೇಕಾದರೆ ಮೂತ್ರಪಿಂಡ ಹೇಗಿದೆ ಎಂದು ಕ್ರಿಯಾಟಿನಿನ್ ಪರೀಕ್ಷೆ ಆಗಿರಬೇಕು, ಅದರ ವರದಿ ಲ್ಯಾಬಿನಲ್ಲಿದೆ. ಅವರ ಮಗ ಬಿಲ್ ಕೌಂಟರಿನಲ್ಲಿದ್ದಾನೆ. ಅಷ್ಟರಲ್ಲಿ ಯಂತ್ರ ಖಾಲಿ, ತಂತ್ರಜ್ಞ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದಾನೆ.

ಸಾಲಿನ ಲೆಕ್ಕಕ್ಕೆ ಒಂದು ಸುಲಭ ಸೂತ್ರ ಇದೆ. 1961ರಲ್ಲಿ ಜಾನ್ ಲಿಟಲ್ ಎಂಬುವರು ಅದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಒಳಗೆ ಕಾಯುತ್ತಿರುವವರು 24 ಮಂದಿ, ಗಂಟೆಗೆ 6 ಮಂದಿಯ ಕೆಲಸ ಮುಗಿಯುತ್ತದೆ ಎಂದರೆ ಸರಾಸರಿ ಕಾಯುವಿಕೆ 4 ಗಂಟೆ. ಇದರಲ್ಲಿ ಯಾರ ಒಳ್ಳೆಯತನಕ್ಕೂ ಕೆಟ್ಟತನಕ್ಕೂ ಜಾಗವಿಲ್ಲ. ತಂತ್ರಜ್ಞನನ್ನು ಬೈದರೆ ಭಾಗಾಕಾರ ಬದಲಾಗುವುದಿಲ್ಲ.

ನಾವು ಮಾಡಿದ್ದು ಬಹಳ ಸಣ್ಣದು. ವಾರ್ಡಿನ ರೋಗಿಗಳ ಚೀಟಿಯನ್ನು ಹಿಂದಿನ ಸಂಜೆಯೇ ಕಳಿಸಬೇಕು, ಅವರ ಸ್ಕ್ಯಾನು ಬೆಳಿಗ್ಗೆ ಏಳೂವರೆಯಿಂದ. ಯಾವಾಗಲೂ ಮುಂದಿನ ಇಬ್ಬರು ಪಕ್ಕದ ಕೋಣೆಯಲ್ಲಿ ಬಟ್ಟೆ ಬದಲಿಸಿ, ಸೂಜಿ ಹಾಕಿಸಿಕೊಂಡು, ಕಾಗದ ಪೂರ್ತಿಯಾಗಿ ಕುಳಿತಿರಬೇಕು. ದಿನಕ್ಕೆ ಕೆಲವು ಹೊತ್ತನ್ನು ತುರ್ತು ರೋಗಿಗಳಿಗೆ ಖಾಲಿ ಬಿಡಬೇಕು. ಈ ಕೊನೆಯದಕ್ಕೆ ಲೆಕ್ಕಪತ್ರದವರು ಒಪ್ಪಲಿಲ್ಲ. ಅಷ್ಟು ದುಬಾರಿ ಯಂತ್ರ ಖಾಲಿ ಬಿಡುವುದೇ ಅಂದರು. ಕಾಲುವೆ ದಂಡೆಯ ಅಂಚಿನ ತನಕ ಯಾರಾದರೂ ನೀರು ಬಿಡುತ್ತಾರೆಯೇ ಎಂದು ಕೇಳಿದೆ. ನೀರಿನ ಮಟ್ಟದ ಮೇಲೆ ಒಂದಿಷ್ಟು ಒಣ ದಂಡೆ ಇರಬೇಕು, ಅದಕ್ಕೆ ನಾವು ಫ್ರೀಬೋರ್ಡ್ ಅನ್ನುತ್ತೇವೆ. ಅದಿಲ್ಲದಿದ್ದರೆ ಒಂದು ಮಳೆಗೆ ಕಾಲುವೆ ಒಡೆಯುತ್ತದೆ. ಲಕ್ವ ಹೊಡೆದವರು ಬಂದರೆ ಬಾಗಿಲಿಗೆ ಬಂದ 25 ನಿಮಿಷದೊಳಗೆ ತಲೆಯ ಸಿ.ಟಿ. ಆಗಬೇಕು ಎಂಬ ಗುರಿ ಇದೆ. ರಕ್ತನಾಳ ಕಟ್ಟಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಲಕ್ಷಣ ಶುರುವಾದ ಮೇಲೆ ನಾಲ್ಕೂವರೆ ಗಂಟೆ ಮಾತ್ರ ಅವಕಾಶ. ರಕ್ತಸ್ರಾವವೋ ಹೆಪ್ಪೋ ಎಂದು ಸಿ.ಟಿ. ನೋಡದೆ ಆ ಔಷಧ ಕೊಡುವಂತಿಲ್ಲ. ಹಳ್ಳಿಯಿಂದ ಟಂಟಂ ಹಿಡಿದು ಬರುವಷ್ಟರಲ್ಲೇ ಮೂರು ಗಂಟೆ ಹೋಗಿರುತ್ತದೆ.

ಎರಡನೇ ಯಂತ್ರದ ಕಡತ ಇನ್ನೂ ಮುಚ್ಚಿಲ್ಲ. ಆದರೆ ಮೇಜಿನ ಮೇಲಿನಿಂದ ಕಪಾಟಿಗೆ ಹೋಗಿದೆ.

ಈಗ ಚೀಟಿಯ ವಿಚಾರ. ಆ ಎರಡು ವಾರದಲ್ಲಿ ನನಗೆ ಅತಿ ಹೆಚ್ಚು ಸಂಕಟವಾದದ್ದು ಸಿ.ಟಿ. ಕೋಣೆಯ ಮುಂದೆ ಅಲ್ಲ, ಅಲ್ಟ್ರಾಸೌಂಡ್ ಕೋಣೆಯ ಮುಂದೆ. ಗರ್ಭಕೋಶ, ಮೂತ್ರಕೋಶ ನೋಡಬೇಕಾದರೆ ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಗೆ ಮೂತ್ರಕೋಶ ತುಂಬಿರಬೇಕು. ಹಾಗಾಗಿ ಬಂದ ಹೆಂಗಸರಿಗೆಲ್ಲ ಕಿಟಕಿಯಲ್ಲೇ, ನೀರು ಕುಡಿದು ಕೂತ್ಕೊಳ್ರಿ ಎಂದು ಹೇಳಿಬಿಡುತ್ತಾರೆ. ಸರದಿ ಬರುವುದು ಮೂರು ಗಂಟೆಯ ಮೇಲೆ. ವಯಸ್ಸಾದ ತಾಯಿಯೊಬ್ಬರು ಹಲ್ಲು ಕಚ್ಚಿ ಕುಳಿತಿದ್ದರು. "ತಮ್ಮಾ, ಇನ್ನ ತಡಕೊಳ್ಳಾಕ ಆಗಂಗಿಲ್ಲ" ಅಂತ ನನಗೇ ಹೇಳಿ ಎದ್ದು ಹೋದರು. ಅವರು ಬರುವಷ್ಟರಲ್ಲಿ ಹೆಸರು ಕೂಗಿದ್ದಾಗಿತ್ತು. ಮತ್ತೆ ನೀರು ಕುಡಿಯಿರಿ ಅಂದರು. ಅವರ ಪಕ್ಕದಲ್ಲಿ ಪಿತ್ತಕೋಶದ ಸ್ಕ್ಯಾನಿಗೆ ಬಂದವರೊಬ್ಬರಿದ್ದರು. ಅದಕ್ಕೆ ಖಾಲಿ ಹೊಟ್ಟೆ ಬೇಕು, ಊಟ ಮಾಡಿದರೆ ಪಿತ್ತಕೋಶ ಕುಗ್ಗಿಬಿಡುತ್ತದೆ. ಅವರಿಗೆ ಯಾರೂ ಹೇಳಿರಲಿಲ್ಲ, ಮನೆಯಿಂದ ರೊಟ್ಟಿ ತಿಂದು ಬಂದಿದ್ದರು. ನಾಳೆ ಬನ್ನಿ ಎಂದು ಕಳಿಸಿದರು. ನಾಳೆ ಎಂದರೆ ಇನ್ನೊಂದು ದಿನದ ಕೂಲಿ, ಇನ್ನೊಂದು ಸಲ ಬಸ್ ಚಾರ್ಜು, ಜೊತೆಗೆ ಬಂದ ಮಗಳ ಇನ್ನೊಂದು ದಿನದ ಕೂಲಿ. ಆಸ್ಪತ್ರೆಯ ಲೆಕ್ಕದಲ್ಲಿ ಇದು ಎಲ್ಲೂ ಬರುವುದಿಲ್ಲ.

ಇದಕ್ಕೆ ಯಂತ್ರ ಬೇಡ, ಕನ್ನಡದ ಒಂದು ಚೀಟಿ ಸಾಕು. ಯಾವ ಸ್ಕ್ಯಾನು, ಉಪವಾಸ ಬೇಕೋ ಬೇಡವೋ, ನೀರು ಯಾವಾಗ ಕುಡಿಯಬೇಕು, ಹಳೇ ಫಿಲ್ಮು ತರಬೇಕು, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಬೇಕು, ಗರ್ಭಿಣಿ ಇರಬಹುದಾದರೆ ಹೇಳಬೇಕು. ಬರೆಯುವ ಡಾಕ್ಟರು ಒಂದೊಂದಕ್ಕೆ ಗುರುತು ಹಾಕಿದರೆ ಆಯಿತು. ನೀರಿನ ಮಾತು ಮಾತ್ರ ನರ್ಸ್ ಬಾಯಲ್ಲಿ ಹೇಳಬೇಕು, ಸರದಿಗೆ ಸುಮಾರು ಒಂದು ಗಂಟೆ ಇರುವಾಗ. ಡಾಕ್ಟರುಗಳಿಗೂ ಚೀಟಿಯಲ್ಲಿ ಒಂದು ಬೇಡಿಕೆ ಇಟ್ಟೆವು. ಬರೀ "ಎದೆ ಎಕ್ಸ್‌ರೇ" ಎಂದು ಬರೆಯಬೇಡಿ, ಏಕೆ ಎಂದು ಬರೆಯಿರಿ. ಕೆಮ್ಮೋ, ಬಿದ್ದ ಪೆಟ್ಟೋ, ಆಪರೇಷನ್ನಿಗೆ ಮೊದಲಿನದೋ. ಪ್ರಶ್ನೆಯೇ ಗೊತ್ತಿಲ್ಲದೆ ಉತ್ತರ ಬರೆಯುವುದು ರೇಡಿಯಾಲಜಿಸ್ಟರಿಗೂ ಕಷ್ಟ. ಎಲ್ಲ ಕಾಗದವೂ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಗರ್ಭಿಣಿಯರ ಸ್ಕ್ಯಾನಿಗೆ 1994ರ ಕಾಯಿದೆಯಂತೆ ತುಂಬುವ ನಮೂನೆ ಇದೆ. ಅದು ಹೆಣ್ಣುಕೂಸಿನ ಜೀವಕ್ಕಾಗಿ ಇರುವ ಕಾಗದ. ಸಮಯ ಉಳಿಸಲು ಅದನ್ನು ಕಡಿಮೆ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ವಿದ್ಯಾರ್ಥಿಗಳು ಗಮನಿಸಬೇಕಾದ್ದು ಹೆಸರಿನ ವಿಷಯ. ನಮ್ಮ ಭಾಗದಲ್ಲಿ ಒಂದೇ ಬೆಂಚಿನ ಮೇಲೆ ಮೂವರು ಬಸಮ್ಮ, ಇಬ್ಬರು ಶರಣಪ್ಪ ಕುಳಿತಿರುತ್ತಾರೆ. "ನೀವು ಬಸಮ್ಮ ಹೌದಲ್ಲ?" ಎಂದು ಕೇಳಬೇಡಿ. ಕಿವಿ ಸರಿಯಾಗಿ ಕೇಳದವರು, ಹೆದರಿದವರು ಎಲ್ಲದಕ್ಕೂ ಹೌದು ಅನ್ನುತ್ತಾರೆ. "ನಿಮ್ಮ ಹೆಸರೇನು, ಯಾವ ಊರು, ವಯಸ್ಸೆಷ್ಟು, ಯಾವ ಕಾಲು ನೋವು?" ಎಂದು ಕೇಳಿ, ಅವರ ಬಾಯಿಂದ ಬರಲಿ. ಎಡ ಬಲದ ಗುರುತಿನ ಸೀಸದ ಅಕ್ಷರವನ್ನು ಚಿತ್ರ ತೆಗೆಯುವಾಗಲೇ ಇಡಿ, ಆಮೇಲೆ ಕಂಪ್ಯೂಟರಿನಲ್ಲಿ ಹಚ್ಚಬೇಡಿ. ಆಮೇಲೆ ಹಚ್ಚಿದ್ದು ನಿಮ್ಮ ನೆನಪು, ರೋಗಿಯ ಕಾಲಲ್ಲ.

ಇನ್ನು ಮರಳಿ ತೆಗೆಯುವ ಎಕ್ಸ್‌ರೇಗಳು. ಹಿಂದೆ ಫಿಲ್ಮು ಇದ್ದಾಗ ಕೆಟ್ಟ ಫಿಲ್ಮುಗಳು ಡಾರ್ಕ್‌ರೂಮಿನ ಮೂಲೆಯಲ್ಲಿ ರಾಶಿ ಬೀಳುತ್ತಿದ್ದವು. ಅದರಲ್ಲಿ ಬೆಳ್ಳಿ ಇರುವುದರಿಂದ ಗುಜರಿಯವನು ತೂಕ ಮಾಡಿ ಒಯ್ಯುತ್ತಿದ್ದ. ತೂಕ ಹೆಚ್ಚಾದರೆ ಕೆಲಸ ಕೆಟ್ಟಿದೆ ಎಂದು ಯಾರಿಗೂ ಗೊತ್ತಾಗುತ್ತಿತ್ತು. ಈಗ ಡಿಜಿಟಲ್. ಚಿತ್ರ ಸರಿ ಬರಲಿಲ್ಲವೆಂದರೆ ಒಂದು ಗುಂಡಿ ಒತ್ತಿದರೆ ಅಳಿಸಿಹೋಗುತ್ತದೆ, ಇನ್ನೊಂದು ತೆಗೆಯುತ್ತಾರೆ. ಆ ರೋಗಿಯ ಮೈಗೆ ಎರಡು ಸಲ ಕಿರಣ ಬಿತ್ತು, ಪುಸ್ತಕದಲ್ಲಿ ಒಂದೇ. ಅದಕ್ಕೇ ಅಳಿಸಿದ್ದರ ಲೆಕ್ಕ ಇಡಿ ಎನ್ನುತ್ತಾರೆ. ಭಂಗಿ ತಪ್ಪಿತೇ, ರೋಗಿ ಅಲುಗಾಡಿದರೇ, ಉಸಿರು ಹಿಡಿಯಲಿಲ್ಲವೇ, ಕಿರಣದ ಪ್ರಮಾಣ ತಪ್ಪಿತೇ, ಸರ ತೆಗೆಸಲು ಮರೆತರೇ, ಕಾರಣದ ಎದುರು ಒಂದು ಗೆರೆ.

ಆದರೆ ಲೆಕ್ಕ ಇಡುವುದಕ್ಕೂ ದಂಡ ಹಾಕುವುದಕ್ಕೂ ಗಂಟು ಹಾಕಬಾರದು. ಇದನ್ನು ನಾನು ಕಾಂಕ್ರೀಟಿನಿಂದ ಕಲಿತೆ. ಕಟ್ಟಡದ ಕಾಂಕ್ರೀಟಿನಿಂದ 15 ಸೆಂಟಿಮೀಟರಿನ ಕ್ಯೂಬುಗಳನ್ನು ಅಚ್ಚು ಹಾಕಿ, 28ನೇ ದಿನ ಯಂತ್ರದಲ್ಲಿ ಒಡೆದು ಬಲ ನೋಡುತ್ತೇವೆ. ಕ್ಯೂಬು ಸೋತರೆ ಬಿಲ್ಲು ನಿಲ್ಲುತ್ತದೆ. ನನ್ನ ಕೈಕೆಳಗೆ ಕೆಲಸ ಮಾಡಿದ ಒಬ್ಬ ಗುತ್ತಿಗೆದಾರ ಕ್ಯೂಬಿಗೆಂದೇ ಬೇರೆ ಕಾಂಕ್ರೀಟ್ ಕಲಸಿಸುತ್ತಿದ್ದ. ಎಂಟು ತಿಂಗಳು ಒಂದು ಕ್ಯೂಬೂ ಸೋಲಲಿಲ್ಲ. ನಾನು ಸಂತೋಷಪಟ್ಟಿದ್ದೆ, ಅನುಮಾನಪಡಬೇಕಿತ್ತು. ಆಸ್ಪತ್ರೆಯಲ್ಲೂ ಒಂದು ತಿಂಗಳು ಒಂದೂ ಚಿತ್ರ ಮರಳಿ ತೆಗೆದಿಲ್ಲ ಎಂದು ಪುಸ್ತಕ ಹೇಳಿದರೆ, ಹುಡುಗರು ಹೆದರಿದ್ದಾರೆ ಎಂದು ತಿಳಿಯಿರಿ. ಬೆನ್ನುಮೂಳೆಯ ಚಿತ್ರ ಪದೇ ಪದೇ ಕೆಡುತ್ತಿದ್ದರೆ ಆ ಹುಡುಗನಿಗೆ ಬೆನ್ನುಮೂಳೆಯ ಭಂಗಿಯನ್ನು ಇನ್ನೊಮ್ಮೆ ಕಲಿಸಬೇಕು, ಅಷ್ಟೇ.

ಕಂಪ್ಯೂಟರು ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಚಿತ್ರಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳಿಸುವ ಸಾಮಾನ್ಯ ಭಾಷೆ, ಡೈಕಾಮ್ ಎಂಬ ಹೆಸರಿನಲ್ಲಿ, 1993ರಿಂದ ಇದೆ. ಯಾವ ಕಂಪನಿಯ ಯಂತ್ರವಾದರೂ ಮಾತಾಡಿಕೊಳ್ಳುತ್ತವೆ. ಒಳ್ಳೆಯದೇ. ಆದರೆ ನೋಂದಣಿಯಲ್ಲಿ ಒಬ್ಬ, ಎಕ್ಸ್‌ರೇ ಕೋಣೆಯಲ್ಲಿ ಇನ್ನೊಬ್ಬ, ಎರಡು ಸಲ ಹೆಸರು ಟೈಪ್ ಮಾಡುತ್ತಿದ್ದರೆ ಒಂದು ಬಸಮ್ಮ ಎರಡು ಬಸಮ್ಮ ಆಗುತ್ತಾಳೆ. ಅವಳ ಹಳೇ ಚಿತ್ರ ಹೊಸ ಚಿತ್ರದ ಪಕ್ಕಕ್ಕೆ ಬರುವುದೇ ಇಲ್ಲ. ನೋಂದಣಿಯಲ್ಲಿ ಬರೆದ ಹೆಸರು ತಾನಾಗಿ ಯಂತ್ರದ ಪರದೆಗೆ ಬರುವ ಏರ್ಪಾಡು ಅದರಲ್ಲೇ ಇದೆ. ಕೊಳ್ಳುವಾಗ ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ಹಲವು ಕಡೆ ದುಡ್ಡು ಕೊಟ್ಟು ಕೊಂಡು, ಆ ಒಂದು ತಂತಿ ಜೋಡಿಸದೆ ಬಿಟ್ಟಿರುತ್ತಾರೆ.

ಯಂತ್ರದ ನಿರ್ವಹಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2024ರ ಆಗಸ್ಟಿನಲ್ಲಿ ನಮ್ಮ ಜಲಾಶಯದ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದದ್ದನ್ನು ನೋಡಿದ ಜನಕ್ಕೆ ನಾನು ಏನು ಹೇಳಲಿ. ಸಿ.ಟಿ. ಯಂತ್ರಕ್ಕೆ ನೀರು ತುಂಬಿದ ಒಂದು ಡಬ್ಬಿ ಇಟ್ಟು ಅಳತೆ ಸರಿ ಇದೆಯೇ ನೋಡುತ್ತಾರೆ. ಹೌನ್ಸ್‌ಫೀಲ್ಡರ ಅಳತೆಯಲ್ಲಿ ನೀರು ಎಂದರೆ ಸೊನ್ನೆ, ಗಾಳಿ ಎಂದರೆ ಮೈನಸ್ ಸಾವಿರ. ನೀರಾವರಿಯವನಿಗೆ ಅದು ತುಂಬ ಹಿಡಿಸಿತು. ಎಂ.ಆರ್.ಐ. ಕೋಣೆಯ ಅಯಸ್ಕಾಂತ ಸ್ಕ್ಯಾನು ಮಾಡದಾಗಲೂ ಎಳೆಯುತ್ತಲೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈಯಲ್ಲಿ ರೋಗಿಯ ಸಂಬಂಧಿಯೊಬ್ಬ ಆಮ್ಲಜನಕದ ಸಿಲಿಂಡರು ಹಿಡಿದು ಒಳಗೆ ಹೋಗಿ ಪ್ರಾಣ ಕಳೆದುಕೊಂಡ. ಬಾಗಿಲಲ್ಲಿ ಒಬ್ಬರು ನಿಲ್ಲಲೇಬೇಕು, ಊಟದ ಹೊತ್ತಿನಲ್ಲೂ.

ಕೊನೆಗೆ ಅಕ್ಕನ ಹಾಳೆಗೆ ಬರುತ್ತೇನೆ. ಆಸ್ಪತ್ರೆಯಲ್ಲಿ ಒಂದು ಪುಸ್ತಕ ಇಡಿಸಿದೆವು, ಸಾಧಾರಣ ಲೆಡ್ಜರು. ವರದಿಯಲ್ಲಿ ನಿರೀಕ್ಷಿಸದ, ಗಂಭೀರವಾದ ಏನಾದರೂ ಕಂಡರೆ ರೇಡಿಯಾಲಜಿಸ್ಟರು ಬರೆದು ಸುಮ್ಮನಾಗುವಂತಿಲ್ಲ. ಚೀಟಿ ಕಳಿಸಿದ ಡಾಕ್ಟರಿಗೆ ಫೋನು ಮಾಡಬೇಕು. ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಬೇಕು. ಯಾರಿಗೆ, ಎಷ್ಟು ಗಂಟೆಗೆ ಹೇಳಿದೆವು ಎಂದು ಪುಸ್ತಕದಲ್ಲಿ ಬರಬೇಕು. ಕೊನೆಯ ಕಾಲಂ ಒಂದಿದೆ, "ರೋಗಿಗೆ ತಿಳಿಸಿದ್ದು". ಅದು ತುಂಬುವ ತನಕ ಆ ಸಾಲು ಮುಗಿದಂತಲ್ಲ. ಪ್ರತಿ ಬುಧವಾರ ಒಬ್ಬ ನರ್ಸಮ್ಮ ತುಂಬದ ಸಾಲುಗಳನ್ನು ಹಿಡಿದು ರೋಗಿಗಳ ಮನೆಗೆ ಫೋನು ಮಾಡುತ್ತಾರೆ.

ಇದು ಸುಲಭವಾಗಿ ನಡೆಯುತ್ತಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ಡಾಕ್ಟರು ಫೋನು ಎತ್ತುವುದಿಲ್ಲ. ರೋಗಿಗಳು ಕೊಟ್ಟ ನಂಬರು ಅಳಿಯನದ್ದೋ ಪಕ್ಕದ ಮನೆಯವರದ್ದೋ ಆಗಿರುತ್ತದೆ. ಒಂದು ವಾರ ನರ್ಸಮ್ಮ ರಜೆ ಇದ್ದರೆ ಪುಸ್ತಕ ನಿಲ್ಲುತ್ತದೆ, ಅದಕ್ಕೆ ಇನ್ನೂ ಪರಿಹಾರ ಸಿಕ್ಕಿಲ್ಲ. ಕಳೆದ ಬುಧವಾರ ನಾನು ಹೋದಾಗ ನಾಲ್ಕು ಸಾಲು ಖಾಲಿ ಇದ್ದವು. ಮೂರು ಮನೆಗೆ ಫೋನು ಹೋಯಿತು. ನಾಲ್ಕನೆಯವರ ಊರಿಗೆ ನಮ್ಮ ಪರಿಚಯದ ಬಸ್ ಕಂಡಕ್ಟರೊಬ್ಬರ ಕೈಯಲ್ಲಿ ಹೇಳಿ ಕಳಿಸಿದ್ದೇವೆ.

ಕನ್ನಡದ ಚೀಟಿಯ ನಮೂನೆಗಳನ್ನು ಹೊರಗೆ ದಾಸೋಹ ಭವನದ ಬಾಗಿಲಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ. ಪ್ರಸಾದ ಮುಗಿಸಿ ಹೋಗುವಾಗ ಒಂದೊಂದು ತೆಗೆದುಕೊಳ್ಳಿ. ತಾಯಂದಿರು ಮುಖ್ಯವಾಗಿ ನೀರು ಕುಡಿಯುವ ಸಾಲನ್ನು ಓದಿ, ತಿಳಿಯದ ಮಾತಿದ್ದರೆ ಅದರ ಕೆಳಗೆ ಗೆರೆ ಎಳೆದು ನನಗೆ ಕೊಡಿ. ಪೆನ್ನುಗಳನ್ನೂ ಅಲ್ಲೇ ಇಟ್ಟಿದ್ದೇನೆ.